ನೇರಳೆ ಹಣ್ಣಿಲ್ಲದ ವರ್ಷ

ನಮ್ಮ ಡ್ರಿಲ್ ಮಾಸ್ತರರು ಸೀಟಿ ಊದುವಾಗ ಮೊದಲು ಕತ್ತಿನ ನರ ಉಬ್ಬುತ್ತಿತ್ತು, ಆಮೇಲೆ ಕಿವಿ ಕೆಂಪಾಗುತ್ತಿತ್ತು, ಸದ್ದು ಬರುತ್ತಿದ್ದುದು ಕೊನೆಗೆ. ಅವರು ಗಾಳಿ ಎಳೆದುಕೊಳ್ಳುವಷ್ಟರಲ್ಲೇ ನಾವು ಹುಡುಗಿಯರು ಸಾಲಾಗಿ ನಿಂತಿರುತ್ತಿದ್ದೆವು. ಕರಿ ದಾರದ ಆ ಸೀಟಿಯನ್ನು ಅವರು ಊಟಕ್ಕೆ ಕೂತಾಗಲೂ ಕೊರಳಿನಿಂದ ತೆಗೆಯುತ್ತಿರಲಿಲ್ಲ. "ತಾಳಿ ಮತ್ತ ಸೀಟಿ, ಎರಡೂ ಬಿಚ್ಚಬಾರ್ದು" ಎನ್ನುತ್ತಿದ್ದರು.

ಭಾಲ್ಕಿಯ ಆ ಶಾಲೆಯಲ್ಲಿ ಓಡಲಾರದವಳು ನಾನೊಬ್ಬಳೇ. ಅರ್ಧ ಮೈದಾನಕ್ಕೇ ಎದೆ ಡವಡವ ಬಡಿದು, ಕಣ್ಣಿಗೆ ಕತ್ತಲೆ ಬಂದು, ಅಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಡುತ್ತಿದ್ದೆ. ಹಾಗೆ ಕೂತರೆ ಹಾಯೆನಿಸುತ್ತಿತ್ತು. ಯಾರೂ ಕಲಿಸಿದ್ದಲ್ಲ. ಗೆಳತಿಯರು ಬಿಡುತ್ತಾರೆಯೇ? "ಬಯಲಕಡಿಗಿ ಚರಗಿ ನೀರ ತರ್ಲೇನ ಬೇ?" ಎಂದು ಬಾಯಿ ಮುಚ್ಚಿ ನಗುತ್ತಿದ್ದರು.

ಒಂದು ದಿನ ಮಾಸ್ತರರಿಗೆ ಅದು ಕೇಳಿಸಿತು. ಸೀಟಿ ಊದಿದರು. "ಎಲ್ಲಾರೂ ಕುಂಡ್ರಿ! ಆಕಿ ಹ್ಯಾಂಗ ಕುಂತಾಳ, ಹಾಂಗೇ! ಇವತ್ತಿನಿಂದ ಇದೂ ಡ್ರಿಲ್!"

ಆಮೇಲೆ ನಾನು ಕೂತಾಗಲೆಲ್ಲ ಇಡೀ ಸಾಲೇ ಕೂರಬೇಕಾಯಿತು. ಹೆಡ್ ಮಾಸ್ತರರು ವರಾಂಡದಿಂದ ನೋಡಿ, "ಏನ್ರಿ ಇದು, ಕಪ್ಪಿ ಸಾಲಿ ಮಾಡೀರಿ?" ಎಂದರು. ಇವರು ಸೆಲ್ಯೂಟ್ ಹೊಡೆದರು, ಅಷ್ಟೇ.

ನನ್ನ ತುಟಿ, ಉಗುರು ಯಾವಾಗಲೂ ನೀಲಿ. ಚಳಿಗಾಲದಲ್ಲಾದರೆ ಅವ್ವ ಥಂಡಿ ಎನ್ನುತ್ತಿದ್ದಳು. ಮಳೆಗಾಲ ಶುರುವಾಗುವಾಗ ನೇರಳೆ ಹಣ್ಣು. "ಮತ್ತ ಯಾರ ಗಿಡಕ್ಕ ಕಲ್ಲ ಒಗದಿ?" ಎಂದು ಸೆರಗಿನಿಂದ ತುಟಿ ತಿಕ್ಕುತ್ತಿದ್ದಳು; ಬಣ್ಣ ಹೋಗುತ್ತಿರಲಿಲ್ಲ. ನಾನು ಕಲ್ಲು ಒಗೆಯುತ್ತಿದ್ದುದೂ ಸುಳ್ಳಲ್ಲವಾದ್ದರಿಂದ ತುಟಿ ಒಡ್ಡಿ ನಿಲ್ಲುತ್ತಿದ್ದೆ.

ಆಮೇಲೆ ಬರಗಾಲ ಬಂತು. ಔರಾದ ಕಡೆಯ ಊರುಗಳು ಅರ್ಧ ಖಾಲಿಯಾದವು. ಅಪ್ಪನೂ ನಮ್ಮನ್ನು ಕಟ್ಟಿಕೊಂಡು ಹೈದರಾಬಾದಿಗೆ ಮನೆ ಕಟ್ಟುವ ಕೆಲಸಕ್ಕೆ ಹೊರಟ. ನನಗೂ ಇಟ್ಟಿಗೆ ಹೊರುವ ಕೆಲಸವೆಂದು ಮಾತಾಗಿತ್ತು. ಹೊರಡುವ ಹಿಂದಿನ ಸಂಜೆ, ನಾನು ನೀರಿನ ಕೊಡ ಇಳಿಸುತ್ತಿದ್ದಾಗ, ಮಾಸ್ತರರು ಮನೆಗೇ ಬಂದರು. ಅವ್ವ ರೂಢಿಯಂತೆ ನನ್ನ ತುಟಿ ತಿಕ್ಕುತ್ತ ಹಣ್ಣಿನ ಮಾತು ತೆಗೆದಳು.

"ಈ ವರ್ಷ ಗಿಡದಾಗ ಎಲಿನೇ ಇಲ್ಲ ತಂಗಿ. ಹಣ್ಣ ಎಲ್ಲಿಂದ ಬಂತು?" ಎಂದರು ಮಾಸ್ತರರು.

ಅವ್ವನ ಕೈ ಸೆರಗಿನಲ್ಲೇ ನಿಂತಿತು. ಅಪ್ಪ ಮಾತ್ರ ಜಗ್ಗಲಿಲ್ಲ. "ಕೆಲ್ಸಗಳ್ಳಿ ಅದಾಳ್ರಿ ಸರ್. ಇಟ್ಟಂಗಿ ಪುಟ್ಟಿ ತಲಿಮ್ಯಾಲ ಹೊತ್ರ ಸುದ್ದ ಆಗ್ತಾಳ."

"ಹೌದಾ? ಆ ಬೇವಿನ ಗಿಡ ಮುಟ್ಟಿ ಓಡಿ ಬಾ ನೋಡಮು."

"ನಾನಾ?"

ಸೀಟಿ! ಅಪ್ಪ ಧೋತರ ಎತ್ತಿಕೊಂಡು ಓಡಿದ. ಓಣಿಯೆಲ್ಲ ಬಾಗಿಲಿಗೆ ಬಂತು. ಏದುಸಿರು ಬಿಡುತ್ತ ಮರಳಿದವನ ಕೈ ಹಿಡಿದು, ಮಾಸ್ತರರು ಅದನ್ನು ಅವನ ಎದೆಗೊಮ್ಮೆ, ನನ್ನ ಎದೆಗೊಮ್ಮೆ ಒತ್ತಿದರು.

"ನೀ ಓಡಿ ಬಂದಿ. ಆಕಿ ಒಂದು ಕೊಡ ಇಳಿಸ್ಯಾಳ, ಅಷ್ಟೇ. ಓಡ್ಲಾರ್ದೇ ಓಡ್ಲತ್ತದ ಆಕಿ ಎದಿ. ಅದರ ಮ್ಯಾಲ ಪುಟ್ಟಿ ಬ್ಯಾರೆ ಹೊರಸ್ತಿ?"

ಅಪ್ಪನ ಕೈ ನನ್ನ ಎದೆಯ ಮೇಲೆ ಬಹಳ ಹೊತ್ತು ಹಾಗೆಯೇ ಇತ್ತು.

ಮರುದಿನ ರೈಲಿನಲ್ಲಿ ನಮ್ಮ ಪಕ್ಕಕ್ಕೇ ಮಾಸ್ತರರು! ಬೀದರಿಗೆ ಹೊಸ ಸೀಟಿ ತರಲು ಹೋಗುತ್ತೇನೆಂದು ಹೆಂಡತಿಗೆ ಹೇಳಿ ಬಂದಿದ್ದರಂತೆ. ಬೀದರ ಹಿಂದೆ ಸರಿಯಿತು, ಅವರು ಇಳಿಯಲಿಲ್ಲ. ಹೈದರಾಬಾದಿನ ದೊಡ್ಡಾಸ್ಪತ್ರೆಗೆ ನಮ್ಮನ್ನು ಕರೆದೊಯ್ದು, ಡಾಕ್ಟರು ಉರ್ದುವಿನಲ್ಲಿ ಹೇಳಿದ್ದನ್ನು ಅಪ್ಪನಿಗೆ ಬಿಡಿಸಿ ಹೇಳಿದರು: ಎದೆಯೊಳಗೆ ತೂತು, ಶ್ವಾಸಕೋಶದ ದಾರಿ ಇಕ್ಕಟ್ಟು, ಗಾಳಿ ಬೆರೆಯದ ನೀಲಿ ರಕ್ತವೂ ಮೈಗೆ ಹರಿಯುತ್ತದೆ.

"ಮತ್ತ ಕುಕ್ಕರಸೋದು ಯಾಕ್ರಿ?" ಎಂದು ಅಪ್ಪ ಮಾಸ್ತರರನ್ನು ಕೇಳಿದ.

"ನೀರ ಹಾಯಿಸುವಾಗ ಒಂದು ಸಾಲಿನ ಬಾಯಿ ಮುಚ್ಚಿದ್ರ ನೀರ ಎಲ್ಲಿ ಹೋಗ್ತದ?"

"ಮಗ್ಗಲ ಸಾಲಿಗಿ."

"ಆಕಿ ಕಾಲ ಮಡಚಿ ಕಾಲಿನ ಸಾಲ ಮುಚ್ಚತಾಳ. ಆ ರಕ್ತ ಶ್ವಾಸಕೋಶದ ಕಡಿ ತಿರಗತದ. ಶಾಣ್ಯಾ ಅದ ಮೈ!"

ಅಪ್ಪ ಕಣ್ಣೊರೆಸಿಕೊಂಡು ನಕ್ಕ. "ಈ ವರ್ಷ ನೀರ ಹಾಯಿಸಿದ ಮಾತು ಇದೊಂದೇ ನೋಡ್ರಿ ಸರ್."

ಅಪ್ಪ, ಅವ್ವ ಇಟ್ಟಿಗೆ ಹೊತ್ತರು. ನಾನು ಆಸ್ಪತ್ರೆಯಲ್ಲಿ ಮಲಗಿದೆ. ಆಪರೇಶನ್ ಆಯಿತು. ಮಳೆ ಬಂದ ವರ್ಷ ಊರಿಗೆ ಮರಳಿ, ಮೈದಾನವನ್ನು ಪೂರ್ತಿ ಸುತ್ತಿ ಬಂದು, ಬೇಕೆಂದೇ ಕುಕ್ಕರುಗಾಲಿನಲ್ಲಿ ಕೂತೆ. ಇಡೀ ಸಾಲು ಧಪ್ಪನೆ ಕೂತಿತು. "ಬದ್ಮಾಶ!" ಎಂದು ಕೂಗಿದರು ಮಾಸ್ತರರು. ಸೀಟಿ ಊದಲು ಹೋದರೆ ನಗು ಬಂದು ಊದಲಾಗಲಿಲ್ಲ.

ಕೊನೆಗಾಲದಲ್ಲಿ ಅವರು ಬೀದರಿನ ಮೈಲೂರಿನಲ್ಲಿ ಮಗನ ಮನೆಯಲ್ಲಿದ್ದರು. ಮೂಗಿಗೆ ಆಕ್ಸಿಜನ್ ನಳಿಗೆ, ಕೊರಳಲ್ಲಿ ಅದೇ ಕರಿ ದಾರ. "ಕುಕ್ಕರಗಾಲಿಲೆ ಕುಂಡ್ರಿ ಸರ್, ಹಾಯ್ ಅನಸ್ತದ" ಎಂದೆ.

"ನಿಂದು ಎದಿ ಕೆಟ್ಟಿತ್ತು ಬೇ, ನಂದು ಮೊಳಕಾಲೂ ಕೆಟ್ಟದ!"

ನಾನು ಒಯ್ದಿದ್ದ ನೇರಳೆ ಹಣ್ಣನ್ನು ಇಬ್ಬರೂ ತಿಂದೆವು. ಚಹಾ ತಂದ ಸೊಸೆ ನಮ್ಮ ತುಟಿ ನೋಡಿ ಗಾಬರಿಯಾದಳು. ನಾವು ನಾಲಿಗೆ ಚಾಚಿ ತೋರಿಸಿದೆವು.

ಮುಂದಿನ ಹಣ್ಣು ಬರುವ ಮೊದಲೇ ಅವರು ಹೋದರು. ಈಗಲೂ ನೇರಳೆ ತಿಂದಾಗಲೆಲ್ಲ ಕನ್ನಡಿಯ ಮುಂದೆ ನಿಂತು ಬಾಯಿ ಮುಕ್ಕಳಿಸಿ, ಸೆರಗಿನಿಂದ ತುಟಿ ತಿಕ್ಕಿ ನೋಡುತ್ತೇನೆ. ಬಣ್ಣ ಹೋಗುತ್ತದೆ.