ಬುಗುರಿ ಬೀಳುವ ತನಕ

ಬಾಸ್ ಗಿಟಾರ್ ಒಳ್ಳೆಯದೋ ಕೆಟ್ಟದ್ದೋ ಹೇಳಲು ಶಿವನಂಜಪ್ಪನವರಿಗೆ ಆಂಪ್ಲಿಫೈಯರ್ ಬೇಕಿರಲಿಲ್ಲ. ಒಂದು ಬುಗುರಿ ಸಾಕಿತ್ತು. ಬೆರಳ ತುದಿಯಲ್ಲಿ ತಿರುಗಿಸಿ ಬಿಡುವ, ಹಳದಿ ಅರಗಿನ ಪುಟ್ಟ ಬುಗುರಿ. ತಂತಿ ಮೀಟಿದ ಕ್ಷಣಕ್ಕೇ ಅದನ್ನು ತಿರುಗಿಸಿ, ಗಿಟಾರಿನ ಮೈಗೆ ಕೆನ್ನೆ ಒತ್ತಿ ಕೂರುವರು. ಬುಗುರಿ ಬೀಳುವ ತನಕ ನಾದ ಉಳಿದರೆ ಮರ ಪಾಸ್.

ಬೈರಾಪಟ್ಟಣದಿಂದ ದಿನಾ ಸೈಕಲ್ ತುಳಿದು ಚನ್ನಪಟ್ಟಣಕ್ಕೆ ಬಂದು ಲೇತಿನಲ್ಲಿ ಮರದ ಬೊಂಬೆ ತಿರುಗಿಸುತ್ತಿದ್ದ ಮನುಷ್ಯ. ಯಾರೋ ಗಿಟಾರಿಗೆ ಮರದ ನಾಬ್ ಮಾಡಿಸಿಕೊಂಡು ಹೋದದ್ದೇ ನೆಪ, ಆಮೇಲೆ ಗಿಟಾರುಗಳೇ ಹುಡುಕಿಕೊಂಡು ಬಂದವು. ಮಂಚದ ಕಾಲು ನೋಡುವಂತೆ ಒಂದು ಕಣ್ಣು ಮುಚ್ಚಿ ಗಿಟಾರಿನ ಕತ್ತಿನ ನೇರ ನೋಡುವರು. ಅದರ ಮೇಲೆ ಹಲ್ಲಿನಂತೆ ಸಾಲಾಗಿರುವ ಲೋಹದ ಫ್ರೆಟ್ಟುಗಳ ಅಂಚಿನ ಮೇಲೆ ಅಂಗೈ ಎಳೆಯುವರು. ಒಬ್ಬರ ಥಳಥಳ ಹೊಸ ಗಿಟಾರ್ ಹೀಗೇ ಅವರ ಕೈ ಗೀರಿತು. “ಹಸೀ ಮರದಾಗೆ ಮಾಡವ್ರೆ ಕಣಣ್ಣ. ಮರ ಒಣಗಿ ಒಳಕ್ಕೋಗೈತೆ, ಹಲ್ಲು ಈಚೆಗೆ ಬಂದವೆ” ಎಂದರು. ಪಕ್ಕದಲ್ಲಿ ಅರಗು ಬಳಿಯುತ್ತಿದ್ದ ಹೆಂಡತಿ ಗೌರಮ್ಮ ತಲೆಯೆತ್ತದೆ, “ಈವಯ್ಯ ಮರದ್ ಮಾತು ಕೇಳ್ತಾನೆ, ನನ್ ಮಾತ್ ಮಾತ್ರ ಕೇಳಕಿಲ್ಲ” ಎಂದಳು.

ನಾನು ಹೋದದ್ದು ನನ್ನ ಹಳೆಯ ಗಿಟಾರನ್ನು ಯಾರಿಗಾದರೂ ದಾಟಿಸಿಬಿಡುವ ಮುಂಚೆ ಒಮ್ಮೆ ತೋರಿಸೋಣವೆಂದು. ಕಾನ್ವೆಂಟಿನಲ್ಲಿ ಪಿಯಾನೋ ಕಲಿತ ನಾನು ಕಾಲೇಜು ದಿನಗಳಲ್ಲಿ ರಾಮನಗರದ ಒಂದು ಆರ್ಕೆಸ್ಟ್ರಾದಲ್ಲಿ ಬಾಸ್ ನುಡಿಸುತ್ತಿದ್ದೆ. ಸಣ್ಣ ತಂತಿಯ ಐದನೇ ಫ್ರೆಟ್ಟಿನ C ಸ್ವರ ಮಾತ್ರ ನನ್ನ ಕೈಯಲ್ಲಿ ಹುಟ್ಟುತ್ತಲೇ ಸಾಯುತ್ತಿತ್ತು. “ಲೇಜಿ ಫಿಂಗರ್, ಮಿಸ್” ಎಂದ ಲೀಡರ್ ಕೊನೆಗೆ ನನ್ನನ್ನು ಕೈಬಿಟ್ಟ. ನಾನೂ ನಂಬಿದೆ. ನಲವತ್ತು ವರ್ಷ ಗಿಟಾರ್ ಮಂಚದ ಕೆಳಗಿತ್ತು.

ಶಿವನಂಜಪ್ಪನವರು ಅದನ್ನು ಗೋಣಿಚೀಲದ ಮೇಲೆ ಮಲಗಿಸಿ, ಒಂದೊಂದೇ ಸ್ವರ ಮೀಟಲು ನನಗೆ ಹೇಳಿದರು. ಎಲ್ಲ ಸ್ವರಗಳೂ ಬುಗುರಿ ವಾಲುವ ತನಕ ಬಂದವು. C ಬಂದಾಗ ಬುಗುರಿ ಇನ್ನೂ ನೆಟ್ಟಗೆ ನಿಂತಿತ್ತು, ನಾದವಿರಲಿಲ್ಲ. ನನ್ನ ಬೆರಳು ವೀಕ್, ಸಾರಿ ಎಂದೆ. ಅವರು ಗೌರಮ್ಮನ ಕೈಗೆ ಬುಗುರಿ ಕೊಟ್ಟು, ಉಳಿ ಹಿಡಿದು ಕಲ್ಲಾದ ತಮ್ಮ ಬೆರಳನ್ನೇ ಅಲ್ಲಿ ಊರಿ ಮೀಟಿದರು. ಅದೇ ಕಥೆ. ಮತ್ತೆ ಮೀಟಿದರು. ಮತ್ತೆ ಅದೇ.

“ಬೆರಳು ಸರಿಯಾಗೈತೆ ಕಣಮ್ಮ” ಎಂದರು. “ಈ ಸ್ವರಕ್ಕೆ ಕತ್ತು ತಾನೂ ಅದುರ್ತದೆ, ತಂತಿ ನಾದಾನ ನುಂಗ್ಕೊಂಬುಡ್ತದೆ. ಯಾರ್ ಒತ್ತಿದ್ರೂ ಇಷ್ಟೇಯ.”

ನಾನು ಅಲ್ಲೇ ಇದ್ದ ಬೊಂಬೆ ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ. ಗೌರಮ್ಮ ನೀರು ಕೊಟ್ಟಳು.

ಗಿಟಾರನ್ನು ಅವರು ವಾಪಸು ಕೊಡಲಿಲ್ಲ, ಒಸಿ ಇರ್ಲಿ ಎಂದರು. ಬೊಂಬೆ ಮಾಡುವ ಆಲೆ ಮರದ ಒಂದು ಗುಂಡು ತಿರುಗಿಸಿ, ಒಳಗೆ ಸೀಸ ತುಂಬಿ, ಕತ್ತು ಅದುರುವ ಬಗೆ ಬದಲಾಗಲೆಂದು ಗಿಟಾರಿನ ತಲೆಯ ಹಿಂದೆ ಬಿಗಿದರು. ಮೀಟುವುದು, ಬುಗುರಿ ನೋಡುವುದು, ಗುಂಡು ಬಿಚ್ಚಿ ಒಂದು ಚೂರು ಸೀಸ ಕೆರೆಯುವುದು. ಮಧ್ಯಾಹ್ನವೆಲ್ಲ ಇದೇ. ನಾದ ಸಾಯುವ ಜಾಗ C ಬಿಟ್ಟು ಕೆಳಗಿನ B ಸ್ವರದ ಮೇಲೆ ಕೂತಿತು. ಇನ್ನೊಂದಿಷ್ಟು ಕೆರೆದರು. ಸಂಜೆಗೆ ತಲೆಯೆತ್ತಿ ಹೇಳಿದರು: “ಓಡ್ಸಕ್ಕಾಗಕಿಲ್ಲ ಕಣಮ್ಮ. ಎಲ್ಡು ಸ್ವರದ ಮಧ್ಯ ಕೂರ್ಸಿವ್ನಿ. ಅಲ್ಲಿ ಯಾರೂ ನುಡ್ಸಕಿಲ್ಲ.”

ಸ್ಕೂಲು ಮೆಟ್ಟಿಲು ಹತ್ತದ ಆ ಮನುಷ್ಯನ ಎದುರು, ಕಾನ್ವೆಂಟಿನ ಚಾಪೆಲಿನಲ್ಲಿ ಪ್ರಾರ್ಥನೆಗೆ ನಿಲ್ಲುತ್ತಿದ್ದೆವಲ್ಲ, ಹಾಗೆ ನಿಂತೆ. ಗಿಟಾರನ್ನು ಯಾರಿಗೂ ಕೊಡಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರೆಂದು ತಡವಾಗಿ ತಿಳಿದು ಚನ್ನಪಟ್ಟಣಕ್ಕೆ ಹೋದೆ. ಲೇತಿನ ಮೇಲೆ ಗೋಣಿ ಹೊದಿಸಿತ್ತು. ಗೌರಮ್ಮ ಒಳಗಿಂದ ಹಳದಿ ಬುಗುರಿ ತಂದು, ನಿಮ್ಗೇ ಇರ್ಲಿ ಎಂದಳು.

ಇವತ್ತು ಬೆಳಿಗ್ಗೆ ಪಕ್ಕದ ಮನೆಯಾಕೆಯ ಕೈಗೆ ಬುಗುರಿ ಕೊಟ್ಟು, C ಮೀಟಿ, ಗಿಟಾರಿನ ಮೈಗೆ ಕೆನ್ನೆ ಒತ್ತಿದೆ. ಬುಗುರಿ ವಾಲಿತು, ಉರುಳಿತು, ಸುಮ್ಮನಾಯಿತು. ನನ್ನ ಕೆನ್ನೆಯೊಳಗೆ C ಇನ್ನೂ ಇತ್ತು.