ಇಬ್ಬರು ಮಿಡಿಗೇಶಿ ಅತ್ತೆಯರು

ಹಳೆಯ ಕಂಪ್ಯೂಟರಿನಲ್ಲಿದ್ದ ಇಮೇಲು, ಫೋನ್ ನಂಬರುಗಳನ್ನೆಲ್ಲ ಹೊಸದಕ್ಕೆ ಸಾಗಿಸುತ್ತಿದ್ದೆ. ಒಂದೇ ಹೆಸರು ಎರಡು ಸಲ ಇದ್ದರೆ ಸೇರಿಸಿಬಿಡಲೇ ಎಂದು ಅದು ಕೇಳಿತು. ಯೋಚಿಸುವ ತಾಳ್ಮೆ ನನಗೆಲ್ಲಿಂದ ಬರಬೇಕು? ಹೂಂ ಅಂತ ಒತ್ತಿಬಿಟ್ಟೆ.

ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳನ್ನು ಕೊಟ್ಟ ಊರಿನ ಹೆಸರು ಹಿಡಿದೇ ಕರೆಯುವುದು. ಅಪ್ಪನ ತಂಗಿಯರಿಬ್ಬರನ್ನೂ ಮಿಡಿಗೇಶಿಗೇ ಕೊಟ್ಟಿದ್ದರು. ಇಬ್ಬರನ್ನೂ ‘ಮಿಡಿಗೇಶಿ ಅತ್ತೆ’ ಎಂದೇ ಬರೆದಿಟ್ಟುಕೊಂಡಿದ್ದೆ. ಈಗ ಹೊಸ ಕಂಪ್ಯೂಟರಿನಲ್ಲಿ ಅತ್ತೆ ಒಬ್ಬಳೇ, ನಂಬರು ಎರಡು. ಯಾವುದು ಯಾರದೆಂದು ನೋಡಲು ಮೇಲಿನದಕ್ಕೆ ಫೋನ್ ಮಾಡಿದೆ.

“ಅತ್ತೆ, ನಾನು, ಮಧುಗಿರಿಯಿಂದ.”

“ಯಾರ್ ತೀರ್ಕಂಡ್ರಪ್ಪಾ?” ಅಂದಳು, ಗಾಬರಿಯಲ್ಲಿ.

ಅವಳದೇನು ತಪ್ಪು? ಇಷ್ಟು ವರ್ಷ ಸಾವಿನ ಸುದ್ದಿ ಮುಟ್ಟಿಸುವುದಕ್ಕೆ ಬಿಟ್ಟರೆ ನಾನು ಅವರಿಗೆ ಫೋನ್ ಮಾಡಿದವನೇ ಅಲ್ಲ.

“ಯಾರೂ ಇಲ್ಲ ಅತ್ತೆ. ಸುಮ್ನೆ ಮಾಡ್ದೆ.”

“ಸುಮ್ಕೆ ಮಾಡಿದ್ಯಾ? ನನ್ ಜೊತೆ ಮಾತಾಡಕ್ಕೇನಾ?” ಎಂದವಳು ಅಳತೊಡಗಿದಳು. ಅಳುತ್ತಲೇ ಊಟ ಆಯಿತೇ ಎಂದು ಕೇಳಿದಳು, ಮಕ್ಕಳನ್ನು ಕೇಳಿದಳು.

ಎಲ್ಲಕ್ಕೂ ಉತ್ತರ ಕೊಟ್ಟೆ. ಆದರೆ ಮಾತಾಡುತ್ತಿರುವುದು ದೊಡ್ಡತ್ತೆಯೋ ಚಿಕ್ಕತ್ತೆಯೋ ಕೊನೆಯವರೆಗೂ ನನಗೆ ಗುರುತು ಹತ್ತಲಿಲ್ಲ. ನೀನು ಯಾರು ಎಂದು ಅವಳನ್ನು ಯಾವ ಬಾಯಲ್ಲಿ ಕೇಳಲಿ?