ಐದನೆಯ ಹಾಡಿನಲ್ಲಿ ನನ್ನ ದನಿ

ನನ್ನ ಅಣ್ಣನ ಮಗಳು ನಮ್ಮೂರನ್ನು ಬೈದು ಏಳು ಹಾಡು ಕಟ್ಟಿದ್ದಾಳೆ ಎಂದು ನನಗೆ ಗೊತ್ತಾದದ್ದು ಒಂದು ಬುಧವಾರ ಬೆಳಿಗ್ಗೆ, ಉಪ್ಪಿಟ್ಟಿನ ಮುಂದೆ. ಅವಳು ತಟ್ಟೆ ಸರಿಸಿ, ಹಾಡುಗಳನ್ನು ತುಂಬಿಟ್ಟಿದ್ದ ನನ್ನ ಮೊಬೈಲನ್ನು ನನ್ನ ಕಡೆ ನೂಕಿದಳು.

“ಅತ್ತಿ, ಇವನ್ನ ಕೇಳು. ಐದನೇದ್ರಾಗ ನಿನ್ನ ದನಿ ಐತಿ. ನೀ ಹೂಂ ಅಂದ್ರ ಸೋಮವಾರ ನಾನೂ ನರಗುಂದದ ಗಿಟಾರಿನ ಹುಡುಗನೂ ಕೂಡಿ ನೆಟ್‌ನ್ಯಾಗ ಎಲ್ಲಾರಿಗೂ ಬಿಡ್ತೀವಿ. ಬ್ಯಾಡಂದ್ರ ಆ ಹಾಡ ತಗದಬಿಡ್ತೀನಿ.”

“ತಗದ್ರ ಏನಾಕ್ಕತಿ?”

“ಉಳದ ಆರಕ್ಕ ಅರ್ಥ ಇರಂಗಿಲ್ಲ. ಇಡೀ ಆಲ್ಬಮ್ಮನ್ನ ಕೈಬಿಡ್ತೀನಿ.”

ಇಷ್ಟು ಹೇಳಿ ರೋಣದ ಬಸ್ಸಿಗೆ ಓಡಿದಳು. ಅಲ್ಲಿನ ಒಂದು ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವಳದು. ವಯಸ್ಸು ಮೂವತ್ತೊಂದು. ತಾಯಿ ತೀರಿಕೊಂಡ ಮೇಲೆ, ಆರನೆಯ ವರ್ಷದಿಂದ ಅವಳನ್ನು ಗಜೇಂದ್ರಗಡದ ಈ ಮನೆಯಲ್ಲಿ ಬೆಳೆಸಿದವಳು ನಾನು. ನಾನು ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು, ಗಂಟೆಗೆ ಮಲಗಿ ಓದಿದವಳು. ಮುಂದೆ ಶಾಲೆಯಲ್ಲಿ ಶಿಕ್ಷಕಿಯಾಗಿ, ಊರಿಗೆಲ್ಲ ‘ಅಕ್ಕಾರ’ ಆಗಿ, ನಿವೃತ್ತಿಯಾಗುವವರೆಗೂ ಅದೇ ಗಂಟೆ ಹೊಡೆಸಿದೆ. ಮನೆಯಲ್ಲಿ ಗಂಟೆ ಇರಲಿಲ್ಲ, ಅದರ ಬದಲು ನನ್ನ ಬಾಯಿ ಇತ್ತು.

ಹಾಡು ಕೇಳುವ ಕೆಲಸವನ್ನೂ ಉತ್ತರಪತ್ರಿಕೆ ತಿದ್ದಿದಂತೆಯೇ ಮಾಡಿದೆ. ವಹಿ ತೆಗೆದು ಅಂಚು ಗೆರೆ ಎಳೆದು ಕುಳಿತೆ. ಮೊದಲ ಹಾಡಿನ ಡ್ರಮ್ ತಗಡಿನ ಮೇಲೆ ಆಲಿಕಲ್ಲು ಬಿದ್ದಂತಿತ್ತು. ನಡುವೆ ಒಂದು ಹೆಣ್ಣುದನಿ ಕಿರುಚಿತು. ನಮ್ಮ ಹುಡುಗಿಯದೇ ಎಂದು ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು. ಮಧ್ಯಾಹ್ನ ಒಂದಕ್ಕೆ ಊರೆಲ್ಲ ಶಟರ್ ಎಳೆದುಕೊಂಡು ಮಲಗುತ್ತದೆ, ನನಗೊಬ್ಬಳಿಗೇ ಎಚ್ಚರ ಎಂಬುದು ಅದರ ಸಾರಾಂಶ. ‘ಔಷಧಿ ಅಂಗಡಿ ತೆರೆದಿರುತ್ತದೆ’ ಎಂದು ಅಂಚಿನಲ್ಲಿ ಬರೆದೆ. ಎರಡನೆಯದರಲ್ಲಿ ಬಸ್ ನಿಲ್ದಾಣದಲ್ಲಿ ನಿಂತರೆ ಸಾಕು, ಯಾರ ಮಗಳು, ಎಲ್ಲಿಗೆ ಹೊರಟಿ ಎಂದು ಹತ್ತು ಮಂದಿ ಕೇಳುತ್ತಾರೆ ಎಂಬ ದೂರು. ಮೂರನೆಯದು ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಕುರಿತದ್ದು. ಇಡೀ ದಿನ ತಿರುಗಿದರೂ ಅವು ಎಲ್ಲಿಗೂ ಹೋಗುವುದಿಲ್ಲವಂತೆ. ಹೋಗಬೇಕಾದ ಅಗತ್ಯ ಅವಕ್ಕೇನಿದೆ ಎಂದು ಬರೆದೆ.

ನಾಲ್ಕನೆಯದು ಮುಗಿದು ಐದನೆಯದು ಶುರುವಾಯಿತು. “ಐದಾತು. ಏಳು. ಹಾಸಿಗಿ ಮಡಚು. ಐದಾತು. ಏಳು.” ನನ್ನದೇ ದನಿ, ನೆಗಡಿಯಾದ ದನಿ. ಯಾವಾಗ ರೆಕಾರ್ಡ್ ಮಾಡಿಕೊಂಡಳೋ. ಅದನ್ನು ತುಂಡು ಮಾಡಿ ಸುತ್ತಿಸಿದ್ದರು. ಡ್ರಮ್ ನನ್ನ ಮಾತಿನ ಹಿಂದೆ ಹಿಂದೆ ಬರುತ್ತಿತ್ತು. ಅವಳು ಹಾಡಿದ್ದು ಒಂದೇ ಸಾಲು, “ಹೂಂ, ಏಳ್ತೀನಿ.” ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಕೊನೆಗೆ ಗಂಟಲು ಹರಿಯುವಂತೆ. ನಾನು ಏನನ್ನೂ ಬರೆಯಲಿಲ್ಲ.

ನನಗೆ ತಿಳಿಯದೇ ಹೋದದ್ದು ಇಷ್ಟೆ: ಊರು ಇಷ್ಟು ಬೇಸರವಾಗಿದ್ದರೆ ಅವಳು ಇಲ್ಲೇಕೆ ಇದ್ದಾಳೆ? ಹಿಂದೆ ಹುಬ್ಬಳ್ಳಿಯಲ್ಲಿ ಇದಕ್ಕಿಂತ ಚಲೋ ಕೆಲಸ ಸಿಕ್ಕಿತ್ತು. ಎಂಟು ತಿಂಗಳಿಗೆ ತಾನಾಗಿಯೇ ಗಂಟುಮೂಟೆ ಕಟ್ಟಿ ಬಂದಳು. ಯಾರೂ ಕರೆದಿರಲಿಲ್ಲ.

ಗುರುವಾರ ಸಂಜೆ ಮಠದಲ್ಲಿ ನಮ್ಮ ಹೆಂಗಸರ ಭಜನೆ. ಒಬ್ಬಳೇ ತೀರ್ಮಾನಿಸಲಾರದೆ ಮೊಬೈಲನ್ನು ಅಲ್ಲಿಗೆ ಒಯ್ದು, ಎಲ್ಲರಿಗೂ ಕೇಳುವಂತೆ ಮೊದಲ ಹಾಡು ಹಚ್ಚಿದೆ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ಅಜ್ಜಿ ಕಿವಿಗೆ ಕೈ ಹಚ್ಚಿ ಕೇಳಿದರು. ಮುಖ ಅರಳಿತು.

“ಬೀಗರ ಹಾಡು! ಯಾರ ಮದುವಿದ ಬೇ ಇದು?”

ನಮ್ಮ ಕಡೆ ಮದುವೆಗಳಲ್ಲಿ ಹೆಂಗಸರು ಎದುರಿನ ಬೀಗರ ಊರನ್ನು ಹಾಡಿನಲ್ಲಿ ಹಳಿಯುವುದು ರೂಢಿ. ನಿಮ್ಮ ಓಣಿಯಲ್ಲಿ ದೀಪವಿಲ್ಲ, ನಿಮ್ಮ ಬಾವಿಗೆ ಹಗ್ಗವಿಲ್ಲ ಎಂದು ಒಬ್ಬರು ಎತ್ತಿದರೆ ಅವರು ತಿರುಗಿಸಿ ಕೊಡಬೇಕು.

“ಮದುವಿದಲ್ರಿ,” ಎಂದೆ. “ನಮ್ಮ ಹುಡುಗೀನ ಹಾಡ್ಯಾಳ. ನಮ್ಮ ಊರಿನ ಮ್ಯಾಲೇ.”

“ತವರನ್ನ ಯಾರರ ಹಿಂಗ ಬೈತಾರೇನ? ಬೈಯೋದು ಬೀಗರನ್ನ. ಆಕಿ ಯಾವ ಕಡಿಯಾಕಿ ಹಂಗಾರ?”

ಇಷ್ಟು ಕೇಳುವಷ್ಟರಲ್ಲಿ ಅವರಾಗಲೇ ಚಪ್ಪಾಳೆ ಹಿಡಿದಿದ್ದರು. ಬೈಸಿಕೊಂಡ ಕಡೆಯವರು ಸುಮ್ಮನೆ ಕೂಡುವಂತಿಲ್ಲವಲ್ಲ. “ಶಟರ ನಾವು ಎಳದರ ನಿನಗ್ಯಾಕ ಸಿಟ್ಟ, ಮಲಗಾಕ ಬಾರ ತಂಗಿ, ನಮ್ಮ ಚಾಪಿ ಕೊಡತೀವಿ ಬಿಟ್ಟ” ಎಂದು ಅಜ್ಜಿ ಅಲ್ಲೇ ಕಟ್ಟಿ ಹಾಡಿದರು. ಉಳಿದವರು ಎತ್ತಿಕೊಂಡರು. ಒಂದೊಂದು ಹಾಡಿಗೂ ಉತ್ತರ ಹುಟ್ಟಿತು, ಒಬ್ಬಾಕೆ ನಕ್ಕು ನಕ್ಕು ಕಂಬಕ್ಕೆ ಒರಗಿದಳು. ನಾನು ಗಡಿಯಾರ ನೋಡುವುದನ್ನೇ ಮರೆತಿದ್ದೆ. ಭಜನೆ ಅರ್ಧ ತಾಸು ತಡವಾಯಿತು.

ಐದನೆಯ ಹಾಡು ಬಂದಾಗ ಕಂಬಕ್ಕೆ ಒರಗಿದ್ದಾಕೆ, “ಅಯ್ಯ, ಇದು ಅಕ್ಕಾರ ದನಿ!” ಎಂದು ಮತ್ತೆ ನಕ್ಕಳು. ಅಜ್ಜಿ ಮಾತ್ರ ನಗಲಿಲ್ಲ.

“ಆ ಕೂಸನ್ನ ದಿನಾ ಹಿಂಗ ಎಬ್ಬಸ್ತಿದ್ದೇನ ನೀನು?”

“ಹೌದ್ರಿ. ಮತ್ತ ಹ್ಯಾಂಗ ಎಬ್ಬಸಬೇಕ್ರಿ?”

ಅವರು ತಾಳ ಕೈಗೆತ್ತಿಕೊಂಡರು.

ಅವತ್ತು ರಾತ್ರಿ ನಮ್ಮ ಹುಡುಗಿ ಕೆಲಸದಿಂದ ಬಂದ ಕೂಡಲೇ ಎಲ್ಲವನ್ನೂ ಹೇಳಿದೆ. ಖುಷಿಪಡುತ್ತಾಳೆ ಎಂದುಕೊಂಡಿದ್ದೆ.

“ನಕ್ಕರಾ? ಅವು ಸಿಟ್ಟಿನ ಹಾಡು ಅತ್ತಿ!”

“ಸಿಟ್ಟು ಊರ ಮ್ಯಾಲೋ, ನನ್ನ ಮ್ಯಾಲೋ?”

ಅವಳು ಬುತ್ತಿ ಡಬ್ಬಿ ತಿಕ್ಕುತ್ತಿದ್ದಳು. ತಿಕ್ಕಿದ್ದನ್ನೇ ತಿಕ್ಕಿದಳು. “ನನಗೂ ಬಗಿಹರಿದಿಲ್ಲ.”

“ಮತ್ತ ಹುಬ್ಬಳ್ಳಿ ಬಿಟ್ಟು ಯಾಕ ಬಂದಿ?”

“ಅಲ್ಲಿ ಒಂದೂ ಹಾಡು ಬರಲಿಲ್ಲ.”

ಇದು ಯಾವ ಲೆಕ್ಕ? ಬೇಸರ ಕೊಡುವ ಊರಿಗೆ ಬೇಸರಪಟ್ಟುಕೊಳ್ಳಲೆಂದೇ ಬರುವುದುಂಟೆ? ಮತ್ತೆ ಕೇಳಿದರೆ ಜಗಳವಾಗುತ್ತಿತ್ತು. ನನಗೆ ಮಾಡಲು ಬರುವುದನ್ನು ಮಾಡಿದೆ. ನೆಗಡಿಯ ದನಿ ಲೋಕಕ್ಕೆ ಕೇಳುವುದು ಬೇಡ, ಭಾನುವಾರ ನೀವು ರೆಕಾರ್ಡ್ ಮಾಡುವಲ್ಲಿಗೇ ಬಂದು ಸ್ವಚ್ಛವಾಗಿ ಹೇಳುತ್ತೇನೆ, ಒಪ್ಪಿಗೆಯ ಮಾತು ಆಮೇಲೆ ಎಂದೆ.

ಭಾನುವಾರ ಇಬ್ಬರೂ ನರಗುಂದಕ್ಕೆ ಹೋದೆವು. ಬೀಜದ ಅಂಗಡಿಯ ಮೇಲೊಂದು ಕೋಣೆ, ಹೊರಗಿನ ಸದ್ದು ಬಾರದಂತೆ ಗೋಡೆ ತುಂಬ ಹಳೆಯ ಕೌದಿ ಹೊಡೆದಿದ್ದರು. ಗಿಟಾರ್ ಬಾರಿಸುವವನು ವಾರವಿಡೀ ಪಂಪ್‌ಸೆಟ್ಟಿನ ಬಿಡಿಭಾಗ ಮಾರುವ ಹುಡುಗ. ನನಗೆ ನಮಸ್ಕಾರ ಮಾಡಿ ಮೈಕಿನ ಮುಂದೆ ನಿಲ್ಲಿಸಿದ.

“ಅಕ್ಕಾರ, ಮನ್ಯಾಗ ಹ್ಯಾಂಗ ಅಂತೀರಿ ಹಂಗ ಅನ್ರಿ.”

ಅಂದೆ.

“ಇದು ಸಾಲಿ ಪ್ರಾರ್ಥನಾ ಆತ್ರಿ.”

ಮತ್ತೆ ಅಂದೆ.

“ಈಗ ಭಾಷಣ ಆತ್ರಿ. ಸ್ವಲ್ಪ ಬೈರಿ ಅಕ್ಕಾರ. ಆಕಿ ಎದ್ದಿಲ್ಲ, ಹೊತ್ತಾಗೇತಿ, ಅಂಥಾದ್ದು.”

ಅವಳು ನನ್ನೆದುರಿಗೇ ಸ್ಟೂಲಿನ ಮೇಲೆ ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿ, ಕಣ್ಣು ಮುಚ್ಚಿ ಕಾಯುತ್ತಿದ್ದಳು. ಹಣೆಯ ಮೇಲೆ ಒಂದೆರಡು ನೆರೆಗೂದಲು ಕಂಡವು. ಇಷ್ಟು ಹತ್ತಿರದಿಂದ ಅವಳನ್ನು ನೋಡಿ ಬಹಳ ದಿನವಾಗಿತ್ತೇನೋ. “ಐದಾತು” ಎನ್ನಲು ಹೋದರೆ ದನಿ ಮೇಲೇಳಲೇ ಇಲ್ಲ. ಕೆಮ್ಮಿ, ನೀರು ಕುಡಿದು, ಬೆನ್ನು ನೆಟ್ಟಗೆ ಮಾಡಿ ಹೇಳಿದೆ. ಜೋಗುಳದಂತೆ ಬಂತು. ಇಡೀ ಶಾಲೆಯನ್ನು ಒಂದು ಮಾತಿಗೆ ಸುಮ್ಮನಾಗಿಸಿದವಳಿಗೆ ಒಂದು ಬೈಗುಳ ಹೊರಡಲಿಲ್ಲ. ಹನ್ನೊಂದು ಸಲ ಆಯಿತು.

ಅವಳು ಕಣ್ಣು ತೆರೆದಳು. “ಸಾಕು ಬಿಡತ್ತಿ. ನಿನಗ ಮನಸಿಲ್ಲ. ತಗದಬಿಡ್ತೀನಿ.” ಕೈ ಕಂಪ್ಯೂಟರಿನ ಕಡೆ ಹೋಯಿತು.

“ತಗೀಬ್ಯಾಡ,” ಎಂದೆ. “ಹಳೇದನ್ನ ಇಡು.”

“ಅದ್ರಾಗ ನೆಗಡಿ ಐತಿ.”

“ಇರಲಿ.”

“ಮಂದಿ ನಿನ್ನ ಆಡಿಕೊಂತಾರು. ಎಂಥಾ ಕಟುಕ ಮುದುಕಿ ಅಂತಾರು.”

“ಅನ್ಲಿ. ಸೋಮವಾರ ಅಂದ್ರ ಸೋಮವಾರ. ತಡಾ ಮಾಡಬ್ಯಾಡ್ರಿ.”

“ಖರೇನ?”

ಯಾಕೆ ಹಾಗೆಂದೆನೋ ಇವತ್ತಿಗೂ ತಿಳಿದಿಲ್ಲ. ಅವಳಿಗೆ ಆ ದನಿ ಬೇಕು ಎಂಬುದಷ್ಟೇ ತಿಳಿದಿತ್ತು. ಯಾಕೆ ಬೇಕು ಎಂಬುದು ಅವಳಿಗೂ ಗೊತ್ತಿಲ್ಲದ ಮೇಲೆ ನಾನು ಕೇಳಿ ಏನು ಮಾಡಲಿ? ತಲೆಯಾಡಿಸಿದೆ. ಅವಳು ಆ ಕಡೆ ತಿರುಗಿ ಕೂತಳು, ಮುಖ ಕಾಣಲಿಲ್ಲ. ಕೋಣೆಯಲ್ಲಿ ಸೆಖೆ. ಕಿಟಕಿ ತೆಗೆಯಪ್ಪ ಎಂದರೆ ಆ ಹುಡುಗ, “ತಡೀರಿ ಅಕ್ಕಾರ, ಒಮ್ಮೆ ಪೂರಾ ಕೇಳಿಬಿಡೂಣು,” ಎಂದು ಐದನೆಯ ಹಾಡನ್ನು ಹಚ್ಚಿದ.